ಕಾಗದದ ಅಡಿಯಲ್ಲಿ ಎರಡು ಹೆಸರು

ಟೈನರ್ಸ್ ಫೋರ್ಕ್, ನಾರ್ತ್ ಕ್ಯಾರೊಲಿನಾ
ಅಕ್ಟೋಬರ್ 27, ಭಾನುವಾರ ಸಂಜೆ

ಪ್ರೀತಿಯ ತಮ್ಮ ಲೆಮ್ಯುಯೆಲ್,

ಹೇಗಿದ್ದೀಯ? ಮಣಿಕಟ್ಟಿನ ನೋವು ಈಗ ಹೇಗಿದೆ? ದೋಣಿಯ ತಳ ಉಜ್ಜುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳುತ್ತೀಯೋ ಇಲ್ಲವೋ ಎಂದು ಅಮ್ಮ ಕೇಳುತ್ತಿದ್ದಾಳೆ. ಕೇಳುತ್ತಿದ್ದಾಳೆ ಅನ್ನುವುದು ಅಷ್ಟು ಸರಿಯಲ್ಲ. ನೀನು ಕಟ್ಟಿಕೊಳ್ಳುವುದಿಲ್ಲ ಎಂದು ತಾನೇ ತೀರ್ಮಾನಿಸಿ ಇಲ್ಲಿಂದಲೇ ಬೈಯುತ್ತಿದ್ದಾಳೆ. ಆ ಬಣ್ಣದ ಪುಡಿ ಎದೆಗೆ ಒಳ್ಳೆಯದಲ್ಲ, ದಯವಿಟ್ಟು ಕಟ್ಟಿಕೋ. ಮೋರ್‌ಹೆಡ್ ಸಿಟಿಯಲ್ಲಿ ಸಮುದ್ರದ ಗಾಳಿಗೆ ಈಗಾಗಲೇ ಚಳಿ ಶುರುವಾಗಿರಬೇಕು. ಕಳೆದ ಸಲ ಕಳಿಸಿದ ಉಣ್ಣೆಯ ಟೋಪಿ ಬಿಗಿಯಾಗುತ್ತಿದ್ದರೆ ತಿಳಿಸು. ನಿನ್ನ ತಲೆಯ ಅಳತೆಯ ವಿಷಯದಲ್ಲಿ ನನಗೂ ಅಮ್ಮನಿಗೂ ಇನ್ನೂ ಒಮ್ಮತವಾಗಿಲ್ಲ.

ಇಲ್ಲಿ ನಾವಿಬ್ಬರೂ ಕ್ಷೇಮ. ಅಮ್ಮನ ಸಕ್ಕರೆ ಕಾಯಿಲೆ ಹತೋಟಿಯಲ್ಲಿದೆ. ಸೊಂಟ ಮಾತ್ರ ಅವಳ ಮಾತು ಕೇಳುವುದಿಲ್ಲ, ಅವಳೂ ಅದರ ಮಾತು ಕೇಳುವುದಿಲ್ಲ. ಹಿತ್ತಲಿನ ಪೀಕನ್ ಮರ ಈ ಸಲ ಚೆನ್ನಾಗಿ ಕಾಯಿ ಬಿಟ್ಟಿದೆ. ಅಳಿಲುಗಳು ಬಿಟ್ಟದ್ದು ನಮಗೆ, ನಮಗೆ ಮಿಕ್ಕಿದ್ದು ನಿನಗೆ; ಹಬ್ಬಕ್ಕೆ ಮೊದಲು ಒಂದು ಡಬ್ಬಿ ಕಳಿಸುತ್ತೇನೆ. ಫೋನು ಮಾಡುವುದು ಬಿಟ್ಟು ಕಾಗದ ಬರೆಯುತ್ತಿದ್ದಾಳಲ್ಲ ಎಂದು ಗಾಬರಿಯಾಗಬೇಡ. ಕೆಟ್ಟ ಸುದ್ದಿಯೇನೂ ಇಲ್ಲ. ಫೋನಿನಲ್ಲಾದರೆ ನಾನು ಎರಡು ಮಾತು ಆಡುವಷ್ಟರಲ್ಲಿ ನೀನು "ಆಯ್ತಕ್ಕ, ಆಯ್ತಕ್ಕ" ಎಂದು ಮುಗಿಸಿಬಿಡುತ್ತೀಯ. ಕಾಗದವನ್ನು ಹಾಗೆ ಬಾಯಿ ಮುಚ್ಚಿಸಲು ಆಗುವುದಿಲ್ಲ, ಕೊನೆಯವರೆಗೆ ಓದಲೇಬೇಕು. ಇದು ಅಮ್ಮನ ಉಪಾಯ, ನನ್ನದಲ್ಲ.

ವಿಷಯ ಓಟಿನದು. ಈಗಲೇ ಮಡಚಿಡಬೇಡ. ಈಸ್ಟರ್ ಹಬ್ಬದ ದಿನ ನಾವು ಫೋನಿನಲ್ಲಿ ಆಡಿದ ಮಾತು ನೆನಪಿದೆಯೆ? ನವೆಂಬರಿನಲ್ಲಿ ಓಟು ಹಾಕುತ್ತೀಯಾ ಎಂದು ನಾನು ಸುಮ್ಮನೆ ಕೇಳಿದೆ. "ಆ ಬಾಗ್ಲು ನಂಗೆ ಮುಚ್ಚಿಹೋಯ್ತು ಅಕ್ಕ. ಒಳಗಿದ್ದಾಗ್ಲೇ ಎಲ್ರೂ ಹೇಳಿದ್ರು, ಒಂದ್ಸಲ ಜೈಲು ನೋಡ್ದೋನಿಗೆ ಜೀವಮಾನ ಪೂರ್ತಿ ಓಟಿಲ್ಲ ಅಂತ" ಅಂದೆ ನೀನು. ನನ್ನ ಕೈಯೆಲ್ಲ ಹಿಟ್ಟಾಗಿತ್ತು. ಫೋನನ್ನು ಮೇಜಿನ ಮೇಲಿಟ್ಟು ಸ್ಪೀಕರ್ ಹಾಕಿದ್ದೆ. ಅಮ್ಮ ಪಕ್ಕದಲ್ಲೇ ಕಾಲರ್ಡ್ ಸೊಪ್ಪು ಬಿಡಿಸುತ್ತ ಕೂತಿದ್ದಳು. ಆ ಮಾತಿಗೆ ಸೊಪ್ಪು ಬಿಡಿಸುವುದನ್ನು ನಿಲ್ಲಿಸಿದಳು. ಅಂದಿನಿಂದ ಆ ಮಾತು ಅವಳೊಳಗೆ ಮುಳ್ಳಿನ ಹಾಗೆ ಕೂತಿದೆ. ಮೊದಲೆಲ್ಲ ಚುನಾವಣೆ ಬಂದರೆ ನಮ್ಮ ಮನೆಯಿಂದ ಮೂವರು ಹೋಗುತ್ತಿದ್ದೆವು. ನಡುವೆ ಅವಳು, ಆಚೆಗೊಬ್ಬರು ಈಚೆಗೊಬ್ಬರು ನಾವು. ಗೋದಾಮಿನ ಪ್ರಕರಣದಲ್ಲಿ ನೀನು ಒಳಗೆ ಹೋದ ಮೇಲೆ ಇಬ್ಬರಾದೆವು. ಶಿಕ್ಷೆ ಮುಗಿಯಲಿ, ಆಮೇಲೆ ಹೊರಗೆ ನಿಗಾದಲ್ಲಿರುವ ಆ ಪ್ರೊಬೇಷನ್ನೂ ಮುಗಿಯಲಿ, ಮತ್ತೆ ಮೂವರಾಗುತ್ತೇವೆ ಎಂದು ಅವಳು ಕಾದಿದ್ದಳು. ಮೇ ತಿಂಗಳಲ್ಲಿ ಎಲ್ಲ ಮುಗಿಯಿತು. ಆದರೆ ಅಷ್ಟರಲ್ಲಿ ನಿನ್ನ ಬಾಯಿಂದಲೇ ಆ ಮಾತು ಕೇಳಿಯಾಗಿತ್ತು.

ಇವತ್ತು ಪ್ರಾರ್ಥನೆ ಮುಗಿಯುತ್ತಲೇ ಪಾಸ್ಟರ್ ಎಂದಿನಂತೆ ಚರ್ಚಿನ ಬಸ್ಸು ಹೊರಡಿಸಿದರು. ಚುನಾವಣೆಯ ಮಂಗಳವಾರ ಇನ್ನೂ ದೂರವಿದ್ದರೂ ಮುಂಚಿತವಾಗಿ ಓಟು ಹಾಕುವ ದಿನಗಳು ನಡೆಯುತ್ತಿವೆಯಲ್ಲ. ಅದರಲ್ಲಿ ಭಾನುವಾರವೆಂದರೆ ಮೊದಲಿನಿಂದಲೂ ನಮ್ಮ ಸಭೆಯವರ ದಿನ. ದೇವರ ಮುಂದೆ ಹಾಕಿಕೊಂಡ ಬಟ್ಟೆಯಲ್ಲೇ ಓಟಿಗೂ ಹೋಗಬೇಕು ಎನ್ನುವುದು ಅಮ್ಮನ ಕಾಲದವರ ಕಟ್ಟಳೆ. ಅವಳು ಆ ಗರಿಯಿರುವ ನೇರಳೆ ಹ್ಯಾಟು ಹಾಕಿದ್ದಳು. ಮದುವೆಗೂ ಅದನ್ನು ಪೆಟ್ಟಿಗೆಯಿಂದ ತೆಗೆಯದವಳು ಓಟಿಗೆ ತೆಗೆಯುತ್ತಾಳೆ. ತಂಬಾಕು ಹರಾಜು ನಡೆಯುತ್ತಿದ್ದ ಹಳೇ ಕಟ್ಟಡವನ್ನು ಈ ಸಲ ಮತಗಟ್ಟೆ ಮಾಡಿದ್ದಾರೆ. ಭಾನುವಾರ ಇಡೀ ಕೌಂಟಿಗೆ ತೆರೆದಿರುವುದು ಅದೊಂದೇ. ನಾವು ಬಸ್ಸಿನಿಂದ ಇಳಿಯುವ ಹೊತ್ತಿಗೆ ಕ್ಯೂ ಅಂಚೆ ಕಚೇರಿಯನ್ನೂ ಕ್ಷೌರದಂಗಡಿಯನ್ನೂ ದಾಟಿ, ನೀನು ಚಿಕ್ಕವನಿದ್ದಾಗ ಮಂಡಿ ತರಚಿಕೊಂಡಿದ್ದ ಆ ಟ್ರಾಕ್ಟರ್ ರಿಪೇರಿ ಶೆಡ್ಡಿನವರೆಗೆ ಹೋಗಿತ್ತು. ಬಾಲ ಎಲ್ಲಿದೆ ಎಂದು ಹುಡುಕುತ್ತ ನಡೆದದ್ದೇ ಒಂದು ಪ್ರಯಾಣವಾಯಿತು.

ಅಮ್ಮನಿಗೆ ಎಂಬತ್ತಾರು. ಅಷ್ಟು ಹೊತ್ತು ನಿಲ್ಲುವುದು ಅವಳಿಂದಾಗದು ಎಂದು ನನಗೆ ಗೊತ್ತಿತ್ತು. ನಿಲ್ಲಲಾಗದವರು ಗಾಡಿಯಲ್ಲೇ ಕೂತಿದ್ದರೆ ಓಟಿನ ಕಾಗದವನ್ನು ಅಲ್ಲಿಗೇ ತಂದುಕೊಡುತ್ತಾರೆ, ಅದು ಅವರ ಹಕ್ಕು. ಮತಗಟ್ಟೆಯ ಬಾಗಿಲಲ್ಲಿದ್ದ ಹೆಂಗಸೊಬ್ಬಳು ಬಂದು ಹಾಗೆ ಮಾಡೋಣವೇ ಎಂದು ಮರ್ಯಾದೆಯಿಂದಲೇ ಕೇಳಿದಳು. ಅಮ್ಮ ಹ್ಯಾಟು ಸರಿಮಾಡಿಕೊಂಡು, "ಗಾಡೀಲಿ ಕೂತ್ಕೊಂಡು ಕಿಟಕೀಲಿ ಕೈ ಚಾಚೋಕೆ ನಾನೇನು ಐಸ್‌ಕ್ರೀಮ್ ತಗೊಳ್ಳೋಕೆ ಬಂದಿದೀನಾ ಮಗಳೇ? ನಡ್ಕೊಂಡೇ ಒಳಗೆ ಹೋಗ್ತೀನಿ" ಅಂದಳು. ಆ ಹೆಂಗಸು ನಗು ತಡೆದುಕೊಂಡು ನನ್ನ ಮುಖ ನೋಡಿದಳು. ನಾನು ಆಕಾಶ ನೋಡಿದೆ. ಕೊನೆಗೆ ನಮ್ಮನ್ನು ಕಾಪಾಡಿದವರು ನಮ್ಮ ಸಭೆಯ ಹಿರಿಯ, ಡೀಕನ್ ಎಜೆಲ್. ಅವರು ಚರ್ಚಿನ ಮಡಚುವ ಕುರ್ಚಿಗಳನ್ನು ಬಸ್ಸಿನ ಹಿಂದೆ ತುಂಬಿಕೊಂಡೇ ಬಂದಿದ್ದರು. ನಮ್ಮ ಕ್ಯೂ ನಡೆಯುವ ರೀತಿ ನಿನಗೆ ಗೊತ್ತೇ ಇದೆ: ಮುದುಕರು ಕೂರುವುದು, ಕ್ಯೂ ಜರುಗಿದಾಗ ಪಕ್ಕದವರು ಕೈ ಕೊಟ್ಟು ಎಬ್ಬಿಸುವುದು, ಹಿಂದಿನವರು ಕುರ್ಚಿ ಎತ್ತಿ ಮುಂದೆ ಇಡುವುದು, ಮತ್ತೆ ಕೂರುವುದು. ಹೀಗೆ ಒಂದು ಊರೇ ಕುರ್ಚಿ ಸಮೇತ ತೆವಳುತ್ತದೆ. ಅಮ್ಮನ ಕುರ್ಚಿಯನ್ನು ಡೀಕನ್ ಬೇರೆ ಯಾರಿಗೂ ಮುಟ್ಟಗೊಡಲಿಲ್ಲ. "ಅರ್ಡೀಲಿಯಮ್ಮನ ಕುರ್ಚಿ ಹೊರೋದೂ ಒಂದು ದೇವರ ಸೇವೆ" ಅಂದರು. "ಸೇವೆ ಮಾಡೋರು ಬಾಯಿ ಮುಚ್ಕೊಂಡು ಮಾಡ್ತಾರೆ, ಎಜೆಲ್" ಅಂದಳು ಅಮ್ಮ. ಅವರ ಹೆಂಡತಿ ತೀರಿಕೊಂಡು ಐದು ವರ್ಷವಾಯಿತಲ್ಲ, ಅಂದಿನಿಂದ ಅಮ್ಮ ಅವರನ್ನು ಹೀಗೆಯೇ ಬೈದುಕೊಂಡು ಬಂದಿದ್ದಾಳೆ. ಅವರೂ ಬೈಸಿಕೊಳ್ಳಲೆಂದೇ ಹತ್ತಿರ ಬರುತ್ತಾರೆ. ಇದರ ಬಗ್ಗೆ ನಾನು ಹೆಚ್ಚು ಬರೆಯುವುದಿಲ್ಲ, ಅವಳು ಈ ಕಾಗದ ಓದಿಸಿ ಕೇಳುತ್ತಾಳೆ.

ನಮ್ಮ ಮುಂದೆ ಕಡಲೆಕಾಯಿ ಬೆಳೆಯುವ ವೆಂಡೆಲ್ ಹಾರೆಲ್ ನಿಂತಿದ್ದ, ಹೊಳೆಯಾಚೆಯ ಬಿಳಿಯರ ಪೈಕಿ. ಅವನ ಟೋಪಿಯ ಮೇಲೆ ಅಭ್ಯರ್ಥಿಯೊಬ್ಬರ ಹೆಸರಿತ್ತು; ಬಾಗಿಲ ಹತ್ತಿರ ಬರುತ್ತಿದ್ದಂತೆ ಆ ಟೋಪಿ ತೆಗೆಯಿಸುತ್ತಾರೆಂದು ಅವನಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು. ಆದರೂ ಸಿಹಿಗೆಣಸಿನ ಪೈ ಕೈಯಿಂದ ಕೈಗೆ ಬರುವಾಗ ಅವನು ತಿರುಗಿ, "ಅರ್ಡೀಲಿಯಮ್ಮ, ಒಳಗೆ ಹೋದ್ಮೇಲೆ ಓಟಿನ ಕಾಗದದಲ್ಲಿ ನೀವು ತುಂಬೋ ಸೊನ್ನೆ ಬೇರೆ, ನಾನು ತುಂಬೋ ಸೊನ್ನೆ ಬೇರೆ. ಆದ್ರೆ ಹೊಟ್ಟೆ ಇಬ್ಬರದ್ದೂ ಒಂದೇ ಅಲ್ವಾ?" ಅಂದ. ಅಮ್ಮ ದೊಡ್ಡ ತುಂಡನ್ನೇ ಕೊಟ್ಟಳು. "ತಿನ್ನು. ತಿಂದ್ಮೇಲೆ ಮನಸ್ಸು ಬದಲಾದ್ರೂ ಆಗ್ಬಹುದು" ಅಂದಳು. ಸುತ್ತಲಿದ್ದವರೆಲ್ಲ ನಕ್ಕರು, ಅವನೂ ನಕ್ಕ. ಬಿಸಿಲು ಹಿತವಾಗಿತ್ತು. ಹಿಂದೆ ಯಾರೋ ಮೆಲ್ಲನೆ ಕೀರ್ತನೆ ಹಾಡುತ್ತಿದ್ದರು. ಇಷ್ಟು ಉದ್ದದ ಕ್ಯೂನಲ್ಲಿ ಒಬ್ಬರೂ ಗೊಣಗುತ್ತಿಲ್ಲವಲ್ಲ ಎಂದು ನಾನು ಅಂದುಕೊಳ್ಳುತ್ತಿದ್ದೆ.

ಆಗಲೇ ನಮ್ಮ ಚರ್ಚಿನ ಹ್ಯಾಟಿ ಲೂ ಬಾಯಿ ತೆರೆದಳು. ಪೈ ಮಾಡಿಕೊಂಡು ಬಂದವಳು ಅವಳೇ, ಅದನ್ನು ಮರೆಯಬಾರದು. ಅವಳಿಗೆ ಕೆಟ್ಟ ಮನಸ್ಸಿಲ್ಲ. ಯಾವ ಮಾತನ್ನು ಎಲ್ಲಿ ಇಡಬೇಕೆಂದು ಗೊತ್ತಿಲ್ಲ, ಅಷ್ಟೇ. "ಲೆಮ್ಯುಯೆಲ್ ಬಂದಿದ್ರೆ ನಿಮ್ಮ ಕುರ್ಚಿ ಅವನೇ ಹೊರ್ತಿದ್ದ, ಪಾಪ. ಬಂದ್ರೂ ಏನು ಪ್ರಯೋಜನ, ಅವನು ಓಟು ಹಾಕೋ ಹಾಗಿಲ್ವಲ್ಲ. ಕಳ್ಕೊಂಡಿದ್ದು ಕಳ್ಕೊಂಡ ಹಾಗೇ, ವಾಪಸ್ ಬರಲ್ಲ" ಅಂದಳು. ಡೀಕನ್ ಕೆಮ್ಮಿದರು. ವೆಂಡೆಲ್ ತನ್ನ ಬೂಟು ನೋಡಿಕೊಂಡ. ಅಲ್ಲಿಂದ ಬಾಗಿಲು ಮುಟ್ಟುವವರೆಗೂ ಅಮ್ಮ ಕೈಚೀಲವನ್ನು ಮಡಿಲಲ್ಲಿಟ್ಟು ಎರಡೂ ಕೈಯಿಂದ ಹಿಡಿದುಕೊಂಡೇ ಕೂತಿದ್ದಳು. ಡೀಕನ್ ಕುರ್ಚಿ ಮುಂದಿಟ್ಟಾಗಲೂ ಬೈಯಲಿಲ್ಲ.

ಒಳಗೆ ನಡೆದದ್ದನ್ನು ಸರಿಯಾಗಿ ಹೇಳಬೇಕು. ನಮ್ಮ ಕೌಂಟಿಯಲ್ಲಿ ಬಹಳ ವರ್ಷ ಪರದೆ ಮುಟ್ಟುವ ಯಂತ್ರಗಳಿದ್ದವು, ನಿನಗೆ ನೆನಪಿರಬೇಕು. ಆಮೇಲೆ ಅವು ಹೋಗಿ ಕಾಗದ ಬಂತು. ಆ ಸಾಂಕ್ರಾಮಿಕದ ವರ್ಷದಿಂದ ಅಮ್ಮ ಮನೆಯಿಂದಲೇ ಅಂಚೆಯಲ್ಲಿ ಓಟು ಕಳಿಸುತ್ತಿದ್ದಳು, ಅದರ ಲಕೋಟೆಯ ಮೇಲೆ ಸಹಿ ಮಾಡಬೇಕಿತ್ತು. ಹಾಗಾಗಿ ಮತಗಟ್ಟೆಯಲ್ಲಿ ನಿಂತು ಕಾಗದ ತುಂಬುವುದು ಅವಳಿಗೆ ಈ ಸಲವೇ ಮೊದಲು. ಗುರುತಿನ ಚೀಟಿ ತೋರಿಸಿದಳು, ಮೇಜಿನ ಮೇಲೆ ಸಹಿ ಹಾಕಿದಳು, ಎರಡು ಬದಿಯೂ ಅಚ್ಚಾದ ಉದ್ದನೆಯ ಹಾಳೆಯನ್ನೂ ಕಪ್ಪು ಪೆನ್ನನ್ನೂ ಇಸಿದುಕೊಂಡಳು. ಪ್ರತಿ ಹೆಸರಿನ ಮುಂದೆ ಒಂದು ಚಿಕ್ಕ ಸೊನ್ನೆ. ಬೇಕಾದವರ ಸೊನ್ನೆಯನ್ನು ಪೂರ್ತಿ ಕಪ್ಪು ಮಾಡಬೇಕು. ನಾನು ಪಕ್ಕದ ಮರೆಯಲ್ಲಿ ನನ್ನದನ್ನು ಮುಗಿಸಿ ಯಂತ್ರಕ್ಕೆ ಕೊಟ್ಟೆ, ಅದು ನುಂಗಿತು. ಅಮ್ಮ ಬರಲಿಲ್ಲ. ರಟ್ಟಿನ ಮರೆಯ ಮೇಲೆ ಆ ನೇರಳೆ ಗರಿ ಮಾತ್ರ ಕಾಣುತ್ತಿತ್ತು, ಸಣ್ಣಗೆ ಅಲ್ಲಾಡುತ್ತಿತ್ತು. ಬಹಳ ಹೊತ್ತಾದ ಮೇಲೆ ಬಂದಳು. ಹಾಳೆಯನ್ನು ಯಂತ್ರದ ಬಾಯಿಗೆ ಇಟ್ಟಳು. ಯಂತ್ರ ಒಳಗೆಳೆದುಕೊಂಡು ಹಾಗೇ ವಾಪಸ್ ಉಗುಳಿತು. ಮತ್ತೆ ಕೊಟ್ಟಳು, ಮತ್ತೆ ಉಗುಳಿತು. "ಇದಕ್ಕೆ ಹಲ್ಲು ನೋವಾ?" ಎಂದು ಅಮ್ಮ ಕೇಳಿದಳು.

ಮತಗಟ್ಟೆಯ ಮುಖ್ಯಸ್ಥೆ ಶ್ರೀಮತಿ ಪ್ರುಡೆನ್ ಬಂದರು. ನಮಗಿಂತ ಸ್ವಲ್ಪ ದೊಡ್ಡವರು, ಕೊರಳಲ್ಲಿ ಕನ್ನಡಕದ ದಾರ, ಮಾತು ಮೆತ್ತಗೆ. "ತಾಯೀ, ಹಾಳೆ ಮಗುಚಿ ಹಿಡ್ಕೊಳ್ಳಿ, ನಾನು ಅದನ್ನ ನೋಡೋ ಹಾಗಿಲ್ಲ" ಅಂದರು. "ನೋಡಿದ್ರೆ ಏನಾಗುತ್ತೆ? ನಾನೇನು ಕದ್ದು ಬರ್ದಿದೀನಾ?" ಎಂದು ಅಮ್ಮ ಹಾಳೆಯನ್ನು ಅವರ ಮುಖಕ್ಕೇ ಹಿಡಿದಳು. ಅವರು ಪಾಪ, ಕೈಯಿಂದ ಮೇಲಿನ ಭಾಗ ಮುಚ್ಚಿ ಅಡಿಯನ್ನು ಮಾತ್ರ ನೋಡಿದರು. ನಾನೂ ನೋಡಿದೆ, ಲೆಮ್ಯುಯೆಲ್. ಅಡಿಯಲ್ಲಿ, ಯಂತ್ರ ಓದಬೇಕಾದ ಕಪ್ಪು ಗುರುತುಗಳ ಮೇಲೆಯೇ, ಅವಳ ಆ ಓರೆಯಾದ ಚೆಂದದ ಅಕ್ಷರಗಳಲ್ಲಿ ಅವಳ ಹೆಸರಿತ್ತು: ಅರ್ಡೀಲಿಯ ಸ್ಪೆಲ್ಲರ್. ಅದರ ಕೆಳಗೆ ಇನ್ನೊಂದು ಸಾಲು: ಮತ್ತು ನನ್ನ ಮಗ ಲೆಮ್ಯುಯೆಲ್ ಸ್ಪೆಲ್ಲರ್, ಅವನನ್ನು ಬರಲು ಬಿಡುವುದಿಲ್ಲವಾದ್ದರಿಂದ ಅವನ ಪರವಾಗಿಯೂ.

ಅವಳು ಯಾಕೆ ಹಾಗೆ ಮಾಡಿದಳೆಂದು ನಿನಗೆ ಬಿಡಿಸಿ ಹೇಳಬೇಕಿಲ್ಲ. ಅವಳು ಇಪ್ಪತ್ತೆರಡರ ಹುಡುಗಿಯಾಗಿದ್ದಾಗ ಮತದಾರರ ಪಟ್ಟಿಗೆ ಹೆಸರು ಬರೆಸಲು ಹೋದ ಕತೆಯನ್ನು ನಾವಿಬ್ಬರೂ ಎಷ್ಟು ಸಲ ಕೇಳಿದ್ದೇವೆ! ಕರಿಯರಿಗೆ ಓದು ಬರಹ ಬರುತ್ತದೋ ಎಂದು ಪರೀಕ್ಷೆ ಮಾಡುತ್ತಿದ್ದ ಕಾಲ. ಸಂವಿಧಾನದ ಒಂದು ಭಾಗವನ್ನು ಅಧಿಕಾರಿಯ ಮುಂದೆ ನಿಂತು ಬರೆಯಬೇಕಿತ್ತು. ಒಂದು ಅಕ್ಷರ ತಪ್ಪದೆ ಬರೆದು, ಕೆಳಗೆ ತನ್ನ ಪೂರ್ತಿ ಹೆಸರು ಬರೆದಳು. ಹೆಸರು ಬರಿ ಅಂತ ಯಾರು ಹೇಳಿದ್ರು ಎಂದು ಆ ಮನುಷ್ಯ ಗದರಿದ. "ಯಾರು ಹೇಳ್ಬೇಕು? ಬರ್ದೋಳು ನಾನು" ಅಂದಿದ್ದಳಂತೆ. ಅಂದಿನಿಂದ ಅವಳು ಹೊಲಿದ ಕೌದಿಗೂ ಕಟ್ಟಿದ ಉಪ್ಪಿನಕಾಯಿ ಬಾಟಲಿಗೂ ಹೆಸರು ಹಾಕುತ್ತಾಳೆ. ಓಟಿನ ಕಾಗದಕ್ಕೆ ಹಾಕದಿರುತ್ತಾಳೆಯೆ?

ಶ್ರೀಮತಿ ಪ್ರುಡೆನ್ ಮೆಲ್ಲಗೆ ಹೇಳಿದರು: "ಹೆಸರು ಬರೆದ್ರೆ ಕಾಗದ ಕೆಟ್ಟುಹೋದ ಹಾಗೆ, ತಾಯಿ. ಪರವಾಗಿಲ್ಲ, ಹೊಸದು ಕೊಡ್ತೀನಿ." ಅಮ್ಮ ಒಂದು ಹೆಜ್ಜೆ ಮುಂದೆ ಬಂದಳು. "ಏನಂದ್ರಿ? ನನ್ನ ಮಗನ ಹೆಸರು ಬರೆದ್ರೆ ಕಾಗದ ಕೆಡುತ್ತಾ?" ಅಂದಳು. ಜೋರಾಗಿಯೇ ಅಂದಳು. ಅಷ್ಟು ದೊಡ್ಡ ಕಟ್ಟಡದಲ್ಲಿ ಪೆನ್ನುಗಳ ಸದ್ದು ನಿಂತಿತು. ನನಗೆ ಅವಳ ತೋಳು ಹಿಡಿದು ಹೊರಗೆ ಕರೆದುಕೊಂಡು ಹೋಗಿಬಿಡೋಣ ಅನ್ನಿಸಿತು. ಅವಳು ಹಾಗೆ ಹೊರಟುಬಿಟ್ಟಿದ್ದರೆ ಅವಳ ಓಟೂ ಹೋಗುತ್ತಿತ್ತು, ಇನ್ನು ಮುಂದೆ ಯಾವತ್ತೂ ಅವಳು ಆ ಹ್ಯಾಟನ್ನು ಪೆಟ್ಟಿಗೆಯಿಂದ ತೆಗೆಯುತ್ತಿರಲಿಲ್ಲ. ಅದು ನನಗೆ ಆ ಕ್ಷಣದಲ್ಲೇ ಖಾತ್ರಿಯಾಗಿತ್ತು. ಆದರೆ ಶ್ರೀಮತಿ ಪ್ರುಡೆನ್ ಗಡಿಬಿಡಿ ಮಾಡಲಿಲ್ಲ. "ನಿಮ್ಮ ಮಗನ ಹೆಸರು ಬರೆದ್ರೂ ಕೆಡುತ್ತೆ, ನಿಮ್ಮ ಹೆಸರು ಬರೆದ್ರೂ ಕೆಡುತ್ತೆ, ನನ್ನ ಹೆಸರು ಬರೆದ್ರೂ ಕೆಡುತ್ತೆ. ಗವರ್ನರ್ ಬಂದು ಅವರ ಹೆಸರು ಬರೆದ್ರೂ ನಾನು ಇದನ್ನೇ ಹೇಳ್ತೀನಿ. ಈ ಕಾಗದದ ಮೇಲೆ ಯಾರಿಗೂ ಹೆಸರಿಲ್ಲ ತಾಯಿ. ಅದಕ್ಕೇ ಎಲ್ಲರದ್ದೂ ಒಂದೇ ತೂಕ" ಅಂದರು. ಅಮ್ಮ ಮೇಲೆ ಹಿಡಿದಿದ್ದ ಹಾಳೆಯನ್ನು ಮೆಲ್ಲಗೆ ಕೆಳಗಿಳಿಸಿದಳು.

ಆಮೇಲೆ ಅವರು ಕೇಳಿದರು, "ಮಗ ಯಾಕೆ ಬರೋ ಹಾಗಿಲ್ಲ?" ಎಂದು. ನೀನು ಹೋದಾಗಿನಿಂದ ಅಮ್ಮ ಆ ಪದವನ್ನು ಹೊಸಿಲಿನಾಚೆ ಆಡಿದವಳಲ್ಲ. ಯಾರಾದರೂ ಕೇಳಿದರೆ ಲೆಮ್ಯುಯೆಲ್ ಕರಾವಳಿಯಲ್ಲಿ ಕೆಲಸದಲ್ಲಿದ್ದಾನೆ ಅನ್ನುತ್ತಿದ್ದಳು, ಕರಾವಳಿಗೆ ನೀನು ಹೋಗುವುದಕ್ಕೆ ಎಷ್ಟೋ ಮುಂಚಿನಿಂದಲೂ. ಇವತ್ತು ಅಷ್ಟು ಜನರ ನಡುವೆ ಗಲ್ಲ ಎತ್ತಿ, "ಜೈಲಿಗೆ ಹೋಗಿದ್ದ" ಅಂದಳು. ಶ್ರೀಮತಿ ಪ್ರುಡೆನ್ ಆಶ್ಚರ್ಯವನ್ನೂ ತೋರಿಸಲಿಲ್ಲ, ಅಯ್ಯೋ ಅಂತಲೂ ಅನ್ನಲಿಲ್ಲ. ಅಂಗಡಿಯಲ್ಲಿ ಉಪ್ಪು ಇದೆಯಾ ಎಂದು ಕೇಳುವ ಹಾಗೆ, "ಶಿಕ್ಷೆ ಪೂರ್ತಿ ಮುಗೀತಾ? ಪ್ರೊಬೇಷನ್ನೂ?" ಎಂದು ಕೇಳಿದರು. ಅಮ್ಮ ನನ್ನ ಕಡೆ ತಿರುಗಿದಳು. ಮೇ ತಿಂಗಳಲ್ಲಿ ಎಲ್ಲ ಮುಗಿಯಿತು, ಏನೂ ಬಾಕಿಯಿಲ್ಲ ಅಂದೆ. "ಹಾಗಿದ್ಮೇಲೆ ಬರೋ ಹಾಗಿಲ್ಲ ಅಂತ ಹೇಳಿದ್ಯಾರು? ನಮ್ಮ ರಾಜ್ಯದಲ್ಲಿ ಎಲ್ಲ ಮುಗಿದ ದಿನವೇ ಅವನ ಹಕ್ಕು ಅವನಿಗೆ ವಾಪಸ್ ಬಂದಾಯ್ತು. ಯಾರೂ ಬಂದು ಬಾಗ್ಲು ತಟ್ಟಿ ಹೇಳಲ್ಲ, ಅದೇ ತೊಂದರೆ. ಹೆಸರು ಮಾತ್ರ ಹೊಸದಾಗಿ ಬರೆಸ್ಬೇಕು" ಅಂದರು. ನಾನು ಇನ್ನೊಮ್ಮೆ ಕೇಳಿದೆ. ಅವರು ಇನ್ನೊಮ್ಮೆ ಅದನ್ನೇ ಹೇಳಿದರು. ಈಸ್ಟರ್ ದಿನ ನೀನು ಹೇಳಿದ್ದು ಆ ದಿನಕ್ಕೆ ನಿಜ, ತಮ್ಮ. ಆಗ ಇನ್ನೂ ಪ್ರೊಬೇಷನ್ ಇತ್ತು. ಜೀವಮಾನ ಪೂರ್ತಿ ಅನ್ನುವುದು ಮಾತ್ರ ಸುಳ್ಳು. ಜೈಲಿನಲ್ಲಿ ಒಬ್ಬರಿಗೊಬ್ಬರು ಹೇಳಿಕೊಳ್ಳುವ ಕಾನೂನನ್ನು ನೀನು ಹೊರಗೂ ಹೊತ್ತುಕೊಂಡು ಬಂದೆ.

ಅಮ್ಮ ಹೊಸ ಹಾಳೆ ಕೇಳಿ ತೆಗೆದುಕೊಂಡಳು. ಕೆಟ್ಟ ಹಾಳೆಯನ್ನು ಶ್ರೀಮತಿ ಪ್ರುಡೆನ್ ಒಂದು ಲಕೋಟೆಗೆ ಸೇರಿಸುವಾಗ, "ಹುಷಾರು, ಅದ್ರಲ್ಲಿ ನನ್ನ ಮಗ ಇದಾನೆ" ಅಂದಳು. ಅಷ್ಟು ಹೊತ್ತಿಗೆ ಅವಳು ಮೇಜು ಹಿಡಿದುಕೊಂಡು ನಿಂತಿದ್ದಳು. ಡೀಕನ್ ಓಡಿ ಹೋಗಿ ಹೊರಗಿನಿಂದ ಅದೇ ಕುರ್ಚಿ ತಂದರು. ಬೇಕಾದರೆ ತುಂಬಲು ಮಗಳು ಸಹಾಯ ಮಾಡಬಹುದು ಎಂದು ಶ್ರೀಮತಿ ಪ್ರುಡೆನ್ ಹೇಳಿದರೂ ಅಮ್ಮ ಒಪ್ಪಲಿಲ್ಲ. ಮತ್ತೆ ಮೊದಲಿನಿಂದ, ಒಂದೊಂದೇ ಸೊನ್ನೆ. ಆ ಗರಿ ಈ ಸಲ ಅಲ್ಲಾಡಲಿಲ್ಲ. ಮುಗಿಸಿ ಎದ್ದು ಯಂತ್ರದ ಮುಂದೆ ಬಂದವಳು ಹಾಳೆಯ ಅಡಿಯ ಖಾಲಿ ಜಾಗವನ್ನು ಒಂದು ಗಳಿಗೆ ನೋಡಿದಳು. ಅವಳು ಬರೆದು ಹೆಸರು ಹಾಕದೆ ಬಿಟ್ಟ ಮೊದಲ ಕಾಗದ ಅದೇ ಇರಬೇಕು. ಯಂತ್ರ ನುಂಗಿತು. ಚಿಕ್ಕ ಪರದೆಯ ಮೇಲಿನ ಸಂಖ್ಯೆ ಒಂದು ಹೆಚ್ಚಾಯಿತು. "ಅಷ್ಟೇನಾ?" ಅಂದಳು. "ಅಷ್ಟೇ" ಅಂದರು ಶ್ರೀಮತಿ ಪ್ರುಡೆನ್, ಮತ್ತು ನಾನು ಓಟು ಹಾಕಿದ್ದೇನೆ ಎಂಬ ಸ್ಟಿಕ್ಕರನ್ನು ಕೈಗೆ ಕೊಟ್ಟರು. ಅಮ್ಮ ಅದನ್ನು ಎದೆಗೆ ಅಂಟಿಸಿಕೊಳ್ಳದೆ ಕೈಚೀಲದೊಳಗೆ ಇಟ್ಟುಕೊಂಡಳು.

ಹೊರಗೆ ಹ್ಯಾಟಿ ಲೂ ಪೈ ತಟ್ಟೆಯನ್ನು ಬಟ್ಟೆಯಲ್ಲಿ ಕಟ್ಟುತ್ತಿದ್ದಳು. ಅಮ್ಮ ನೇರ ಅವಳ ಹತ್ತಿರ ಹೋದಳು, ನಾನು ಹಿಂದೆಯೇ ಓಡಿದೆ. "ಹ್ಯಾಟಿ ಲೂ, ಕಳ್ಕೊಂಡಿದ್ದು ವಾಪಸ್ ಬರುತ್ತಂತೆ. ಕ್ಯೂನಲ್ಲಿ ನಿಲ್ಬೇಕು, ಅಷ್ಟೇ" ಅಂದಳು. ಹ್ಯಾಟಿ ಲೂ ಕಟ್ಟಿದ ಗಂಟು ಮತ್ತೆ ಬಿಚ್ಚಿ, ಉಳಿದಿದ್ದ ಕೊನೆಯ ತುಂಡನ್ನು ಅಮ್ಮನ ಕೈಗಿಟ್ಟಳು. ಅವಳ ಮಟ್ಟಿಗೆ ಅದು ದೊಡ್ಡ ಮಾತು. ಆ ತುಂಡನ್ನು ಅಮ್ಮ ಬಸ್ಸಿನಲ್ಲಿ ಡೀಕನ್‌ಗೆ ಕೊಟ್ಟಳು, "ಸೇವೆಗೆ ಸಂಬಳ" ಎಂದು. ಅವರು ಮನೆ ಬರುವವರೆಗೂ ಅದನ್ನು ತಿನ್ನದೆ ಹಿಡಿದುಕೊಂಡೇ ಕೂತಿದ್ದರು. ಅವರ ವಿಷಯ ಇಲ್ಲಿಗೆ ನಿಲ್ಲಿಸುತ್ತೇನೆ.

ನಿನ್ನ ಭಯ ನನಗೆ ಗೊತ್ತು. ತಪ್ಪಾಗಿ ಓಟು ಹಾಕಿ ಮತ್ತೆ ಸಿಕ್ಕಿಹಾಕಿಕೊಂಡರೆ ಅನ್ನುವ ಭಯ. ಅದು ಸಣ್ಣದಲ್ಲ, ನಾನು ಅದಕ್ಕೆ ನಗುವುದಿಲ್ಲ. ನನ್ನ ಮಾತು ಸಾಲದಿದ್ದರೆ ನಿನ್ನ ಮೇಲೆ ನಿಗಾ ಇಟ್ಟಿದ್ದ ಆ ಪ್ರೊಬೇಷನ್ ಅಧಿಕಾರಿಗೇ ಒಂದು ಫೋನು ಮಾಡಿ ಕೇಳು. ಮುಗಿದಿದೆ ಎಂದು ಅವರು ಒಂದೇ ಮಾತಿನಲ್ಲಿ ಹೇಳುತ್ತಾರೆ. ನೀನು ಇಲ್ಲಿಗೆ ಬರಬೇಕಾಗಿಯೂ ಇಲ್ಲ. ನೀನಿರುವ ಊರಿನಲ್ಲೇ ನಿನ್ನ ಓಟು. ಅಲ್ಲಿ ಯಾರಿಗೂ ನಿನ್ನ ಹಳೆಯ ಕತೆ ಗೊತ್ತಿಲ್ಲ, ಆ ಕ್ಯೂನಲ್ಲಿ ಹ್ಯಾಟಿ ಲೂ ಇರುವುದಿಲ್ಲ. (ಪೈ ಕೂಡ ಇರುವುದಿಲ್ಲ, ಅದಕ್ಕೆ ನಾನು ಹೊಣೆಯಲ್ಲ.) ನೀನು ಯಾರಿಗೆ ಹಾಕುತ್ತೀಯೆಂದು ಅಮ್ಮ ಕೇಳುವುದಿಲ್ಲವಂತೆ. ಅದನ್ನು ಅವಳು ಎರಡು ಸಲ ಹೇಳಿದಳು, ಅಂದರೆ ಕೇಳುತ್ತಾಳೆ. ಹೆಚ್ಚು ಆಸೆ ಇಟ್ಟುಕೊಳ್ಳಬೇಡ ಎಂದು ನಾನು ಅವಳಿಗೆ ಬಸ್ಸಿನಲ್ಲಿ ಹೇಳಿದೆ. "ಆಸೆ ಇಟ್ಕೊಳ್ದೆ ಇದ್ದಿದ್ರೆ ಆ ಕ್ಯೂನಲ್ಲಿ ಅಷ್ಟು ಹೊತ್ತು ಯಾಕೆ ಕೂರ್ತಿದ್ದೆ ವರ್ಲೀನ್?" ಅಂದಳು.

ಈಗ ಅವಳು ಬಿಸಿನೀರಿನಲ್ಲಿ ಕಾಲಿಟ್ಟುಕೊಂಡು ಅಡುಗೆಮನೆಯಲ್ಲಿ ಕೂತಿದ್ದಾಳೆ, ಹ್ಯಾಟು ಇನ್ನೂ ತಲೆಯ ಮೇಲೆಯೇ ಇದೆ. ನಾಳೆ ಬೆಳಿಗ್ಗೆ ಶಾಲೆಯ ಅಡುಗೆ ಕೆಲಸಕ್ಕೆ ಹೋಗುವ ದಾರಿಯಲ್ಲಿ ಇದನ್ನು ಅಂಚೆಗೆ ಹಾಕುತ್ತೇನೆ. ಹೊತ್ತಿಗೆ ಸರಿಯಾಗಿ ಊಟ ಮಾಡು, ಒದ್ದೆ ಬೂಟಿನಲ್ಲಿ ತಿರುಗಬೇಡ. ಡೀಕನ್ ನಿನ್ನನ್ನು ಕೇಳಿದರೆಂದು ಹೇಳಲು ಹೇಳಿದ್ದಾರೆ. ದೇವರು ನಿನ್ನ ಕೈಗೆ ಬಲವನ್ನೂ ಹೆಜ್ಜೆಗೆ ದಾರಿಯನ್ನೂ ಕೊಡಲಿ ಎಂದು ಅಮ್ಮನ ಹರಕೆ. ಅವಳು ಹೇಳಿದ ಹಾಗೆಯೇ ಬರೆದಿದ್ದೇನೆ.

ನಿನ್ನ ಅಕ್ಕ,
ವರ್ಲೀನ್

ತಾ.ಕ. — ಮುಖ್ಯವಾದದ್ದನ್ನೇ ಬಿಟ್ಟಿದ್ದೆ, ಅಮ್ಮ ಓದಿಸಿ ಕೇಳಿ ಈಗ ಬೈದಳು. ಹೆಸರು ಬರೆಸುವುದೂ ಓಟು ಹಾಕುವುದೂ ಒಂದೇ ಕ್ಯೂನಲ್ಲಿ, ಒಂದೇ ದಿನ ಆಗುತ್ತದೆ. ಆದರೆ ಅದು ಬರುವ ಶನಿವಾರ ಮಧ್ಯಾಹ್ನ ಮೂರು ಗಂಟೆಯವರೆಗೆ ಮಾತ್ರ. ಮಂಗಳವಾರ ಹೋದರೆ ಆಗುವುದಿಲ್ಲ. ನಿನ್ನ ಡ್ರೈವಿಂಗ್ ಲೈಸೆನ್ಸ್ ಮತ್ತು ಮನೆಯ ವಿಳಾಸವಿರುವ ಕರೆಂಟ್ ಬಿಲ್ ತೆಗೆದುಕೊಂಡು ಹೋಗು. ಮೂರು ಗಂಟೆಗೆ ಕ್ಯೂನಲ್ಲಿ ನಿಂತಿದ್ದರೆ ಸಾಕು, ಎಷ್ಟೇ ಉದ್ದವಿದ್ದರೂ ಯಾರೂ ನಿನ್ನನ್ನು ವಾಪಸ್ ಕಳಿಸುವ ಹಾಗಿಲ್ಲ. ಕಾಗದದ ಅಡಿಯಲ್ಲಿ ಹೆಸರು ಬರೆಯಬೇಡ. ಇನ್ನೊಂದು: ಅಮ್ಮ ಕೈಚೀಲದಲ್ಲಿಟ್ಟುಕೊಂಡಿದ್ದ ಆ ಸ್ಟಿಕ್ಕರನ್ನು ನಿನಗೆ ಕಳಿಸಲೆಂದು ನನಗೆ ಕೊಟ್ಟಿದ್ದಳು. ಲಕೋಟೆಯೊಳಗೆ ಹಾಕಿಯೂ ಇದ್ದೆ. ಅಂಟಿಸುವ ಹೊತ್ತಿಗೆ ಒದ್ದೆ ಕಾಲಲ್ಲೇ ಎದ್ದು ಬಂದು ವಾಪಸ್ ತೆಗೆದುಕೊಂಡಳು. "ಇದು ನಂದು. ಅವನದ್ದು ಅವನಿಗೆ ಅಲ್ಲೇ ಕೊಡ್ತಾರೆ" ಅಂದು, ಈಗ ಎದೆಗೆ ಅಂಟಿಸಿಕೊಂಡು ಕೂತಿದ್ದಾಳೆ.